ವಿದೇಶಿ ನೆರವು: ಯಾಕೆ ಕೊಡ್ತಾರೆ, ಕೊಟ್ಟರೆ ಏನಾಗುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶಿ ನೆರವಿನ ಮಾತು ಬಂದರೆ ಜನ ಎರಡು ಪಂಗಡ ಆಗುತ್ತಾರೆ. ಒಬ್ಬರಿಗೆ ಅದೆಲ್ಲ ದಂಡ, ಇನ್ನೊಬ್ಬರಿಗೆ ಕೊಟ್ಟಿದ್ದು ಸಾಲದು. ಇಬ್ಬರೂ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಒಂದೇ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಎಲ್ಲಿಂದ ಬೇಕಾದರೂ ಓದಬಹುದು.

## ಶುರುವಿನ ಪ್ರಶ್ನೆಗಳು

ವಿದೇಶಿ ನೆರವು ಅಂದ್ರೆ ಏನು? ಒಂದು ದೇಶ ಇನ್ನೊಂದಕ್ಕೆ ಸುಮ್ನೆ ದುಡ್ಡು ಕಳಿಸೋದಾ?

ದುಡ್ಡಿನ ಚೀಲ ಕಳಿಸುವುದು ಬಹಳ ಅಪರೂಪ. ನೆರವು ಅನ್ನುವ ಒಂದೇ ಪದದ ಕೆಳಗೆ ಲಸಿಕೆ, ಗೋಧಿ, ರಸ್ತೆ, ಎಂಜಿನಿಯರುಗಳ ಸಂಬಳ, ವಿದ್ಯಾರ್ಥಿವೇತನ, ಸಾಲ ಮನ್ನಾ ಎಲ್ಲವೂ ಬರುತ್ತವೆ. ಕಡಿಮೆ ಬಡ್ಡಿಯ ಸಾಲವೂ ನೆರವೇ.

ಲೆಕ್ಕ ಇಡುವುದಕ್ಕೆ ಒಂದು ಅಳತೆ ಇದೆ. ಹೆಸರು ಅಧಿಕೃತ ಅಭಿವೃದ್ಧಿ ನೆರವು, ಚಿಕ್ಕದಾಗಿ ಒಡಿಎ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ನೆರವು ಸಮಿತಿ 1969ರಲ್ಲಿ ಇದನ್ನು ರೂಪಿಸಿತು. ಸರ್ಕಾರದ ದುಡ್ಡಾಗಿರಬೇಕು, ಬಡ ದೇಶದ ಏಳಿಗೆ ಮುಖ್ಯ ಉದ್ದೇಶವಾಗಿರಬೇಕು, ಸಾಲವಾದರೆ ಮಾರುಕಟ್ಟೆಗಿಂತ ಅಗ್ಗವಾಗಿರಬೇಕು. ಬಂದೂಕು, ಟ್ಯಾಂಕು ಕೊಟ್ಟರೆ ಇದರಲ್ಲಿ ಸೇರುವುದಿಲ್ಲ. ಖಾಸಗಿ ದಾನವೂ ಸೇರುವುದಿಲ್ಲ. ಸಾಲಕ್ಕೆ ಇನ್ನೊಂದು ನಿಯಮ ಇದೆ. 2018ರ ಲೆಕ್ಕದಿಂದ ಸಾಲದ ಪೂರ್ತಿ ಮೊತ್ತವನ್ನು ನೆರವು ಅಂತ ಬರೆಯುವಂತಿಲ್ಲ. ಅದರಲ್ಲಿ ನಿಜವಾಗಿ ಬಿಟ್ಟುಕೊಟ್ಟ ಭಾಗ ಎಷ್ಟೋ ಅಷ್ಟನ್ನೇ ಬರೆಯಬೇಕು.

ಇದು ಯಾವಾಗ ಶುರುವಾಯ್ತು?

ಹೆಚ್ಚಿನವರು ಮಾರ್ಷಲ್ ಯೋಜನೆಯಿಂದ ಎಣಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ನೆಲಸಮವಾದ ಪಶ್ಚಿಮ ಯುರೋಪಿಗೆ ಅಮೆರಿಕ 1948ರಿಂದ ನಾಲ್ಕು ವರ್ಷಗಳಲ್ಲಿ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು. 1949ರ ಜನವರಿಯಲ್ಲಿ ಅಧ್ಯಕ್ಷ ಟ್ರೂಮನ್ ತಮ್ಮ ಪದಗ್ರಹಣ ಭಾಷಣದ ನಾಲ್ಕನೇ ಅಂಶವಾಗಿ ಬಡ ದೇಶಗಳಿಗೆ ತಾಂತ್ರಿಕ ನೆರವಿನ ಮಾತಾಡಿದರು. ಅಲ್ಲಿಂದ ಇದು ಯುರೋಪಿನ ಆಚೆಗೆ ಹರಡಿತು.

ಅದಕ್ಕೂ ಮುಂಚಿನ ಒಂದು ಕಾಯ್ದೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಬ್ರಿಟನ್ 1929ರಲ್ಲಿ ವಸಾಹತು ಅಭಿವೃದ್ಧಿ ಕಾಯ್ದೆ ಮಾಡಿತು. ವಸಾಹತುಗಳ ಕೃಷಿ, ಕೈಗಾರಿಕೆ ಬೆಳೆಸಬೇಕು, ಆ ಮೂಲಕ ಬ್ರಿಟನ್ನಿನ ವ್ಯಾಪಾರವೂ ಬೆಳೆಯಬೇಕು ಅಂತ ಕಾಯ್ದೆಯಲ್ಲೇ ಇತ್ತು. ಮುಚ್ಚುಮರೆ ಇಲ್ಲ.

ಬಜೆಟ್ಟಿನ ಕಾಲು ಭಾಗ ಹೊರದೇಶಗಳಿಗೇ ಹೋಗುತ್ತಂತೆ, ನಿಜಾನಾ?

ಇಲ್ಲ. ಆದರೆ ಈ ನಂಬಿಕೆ ಬಹಳ ಗಟ್ಟಿ. ಅಮೆರಿಕದಲ್ಲಿ ಸಮೀಕ್ಷೆ ಮಾಡಿದಾಗೆಲ್ಲ ಸರಾಸರಿ ಉತ್ತರ ಬಜೆಟ್ಟಿನ ಕಾಲು ಭಾಗದ ಆಸುಪಾಸಿನಲ್ಲೇ ಬರುತ್ತಿತ್ತು. ನಿಜವಾಗಿ ಹೋಗುತ್ತಿದ್ದುದು ಶೇ 1ರ ಸುತ್ತಮುತ್ತ.

2023ರಲ್ಲಿ ಒಇಸಿಡಿ ಸಮಿತಿಯ ಎಲ್ಲ ದೇಶಗಳೂ ಸೇರಿ ಕೊಟ್ಟಿದ್ದು ಸುಮಾರು 22,300 ಕೋಟಿ ಡಾಲರ್. ಆ ದೇಶಗಳ ಒಟ್ಟು ರಾಷ್ಟ್ರೀಯ ಆದಾಯದಲ್ಲಿ ಇದು ಶೇ 0.37. ಅಂದರೆ ನೂರು ಡಾಲರ್ ದುಡಿದರೆ 37 ಸೆಂಟ್. 1970ರಲ್ಲೇ ವಿಶ್ವಸಂಸ್ಥೆಯ ಮಹಾಸಭೆ ಶೇ 0.7ರ ಗುರಿ ಇಟ್ಟಿತ್ತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಅದನ್ನು ದಾಟಿದ ಪುಟ್ಟ ಗುಂಪು. ಅಮೆರಿಕ ಮೊತ್ತದಲ್ಲಿ ಬಹುಕಾಲ ಮೊದಲ ಸ್ಥಾನದಲ್ಲಿತ್ತು, ಆದಾಯದ ಪಾಲಿನಲ್ಲಿ ಮಾತ್ರ ಪಟ್ಟಿಯ ಕೆಳಗಡೆ.

ತಮ್ಮ ಮನೆಯಲ್ಲೇ ಬಡವರಿರುವಾಗ ಪಕ್ಕದವರಿಗೆ ಯಾಕೆ ಕೊಡಬೇಕು?

ನ್ಯಾಯವಾದ ಪ್ರಶ್ನೆ. ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಕೊಡಬೇಕು ಅನ್ನುವವರ ವಾದ ಇಷ್ಟೇ: ಒಂದು ಡಾಲರಿಗೆ ಶ್ರೀಮಂತ ದೇಶದಲ್ಲಿ ಆಗುವ ಕೆಲಸಕ್ಕಿಂತ ಬಡ ದೇಶದಲ್ಲಿ ಆಗುವ ಕೆಲಸ ಎಷ್ಟೋ ಪಟ್ಟು ದೊಡ್ಡದು. ಕೆಲವೇ ಡಾಲರಿನ ಸೊಳ್ಳೆ ಪರದೆ ಒಂದು ಮಗುವನ್ನು ಮಲೇರಿಯಾದಿಂದ ಕಾಯಬಹುದು. ಆದರೆ ನೆರವು ನಿಲ್ಲಿಸಿದರೆ ಆ ದುಡ್ಡು ಮನೆಯ ಬಡವರಿಗೇ ಹೋಗುತ್ತದೆ ಅಂತ ಅಂದುಕೊಳ್ಳುವುದು ಸ್ವಲ್ಪ ಜಾಸ್ತಿಯಾಯಿತು. ಬ್ರಿಟನ್ 2025ರಲ್ಲಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 0.3ಕ್ಕೆ ಇಳಿಸುವುದಾಗಿ ಹೇಳಿತು. ಉಳಿಯುವ ದುಡ್ಡು ಹೋಗುವುದು ರಕ್ಷಣಾ ಖರ್ಚಿಗೆ.

## ಕೊಡುವವರ ಲೆಕ್ಕಾಚಾರ

ಕರುಣೆಯಿಂದ ಕೊಡ್ತಾರಾ, ಸ್ವಾರ್ಥಕ್ಕೆ ಕೊಡ್ತಾರಾ?

ಎರಡೂ ಇದೆ. ಒಂದೇ ದೇಶದ ಒಂದೇ ಬಜೆಟ್ಟಿನಲ್ಲಿ ಅಕ್ಕಪಕ್ಕದ ಸಾಲಿನಲ್ಲೇ ಇರುತ್ತದೆ. ಕರುಣೆ ಸುಳ್ಳಲ್ಲ. ಬರಗಾಲದ ಚಿತ್ರ ನೋಡಿ ಜನ ಒತ್ತಾಯಿಸಿದ್ದಕ್ಕೇ ಸರ್ಕಾರಗಳು ಕೈ ಬಿಚ್ಚಿದ ಉದಾಹರಣೆ ಬೇಕಾದಷ್ಟಿದೆ. ಆದರೆ ಯಾರಿಗೆ, ಯಾವಾಗ, ಎಷ್ಟು ಅನ್ನುವುದನ್ನು ನೋಡಿದರೆ ರಾಜಕೀಯದ ಹೆಜ್ಜೆ ಗುರುತು ಎದ್ದು ಕಾಣುತ್ತದೆ.

ಒಂದು ದೃಶ್ಯ ಹೇಳುತ್ತೇನೆ. 1990ರ ನವೆಂಬರ್ 29. ಇರಾಕ್ ಮೇಲೆ ಬಲ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಗೊತ್ತುವಳಿ ಭದ್ರತಾ ಮಂಡಳಿಯ ಮುಂದಿದೆ. ಯೆಮೆನ್ ಆಗ ಮಂಡಳಿಯ ತಾತ್ಕಾಲಿಕ ಸದಸ್ಯ. ಅದು ಬೇಡ ಅಂತ ಮತ ಹಾಕಿತು. ಸಭೆ ಮುಗಿಯುವ ಹೊತ್ತಿಗೇ ಅಮೆರಿಕದ ಒಬ್ಬ ರಾಜತಾಂತ್ರಿಕರು ಯೆಮೆನ್ ರಾಯಭಾರಿಯ ಹತ್ತಿರ ಬಂದು, ನೀವು ಹಾಕಿದ ಮತಗಳಲ್ಲೇ ಅತ್ಯಂತ ದುಬಾರಿ ಮತ ಇದು ಅಂತ ಹೇಳಿದರು ಎಂಬುದು ಪ್ರಸಿದ್ಧ. ಬಳಿಕ ಯೆಮೆನ್‌ಗೆ ಬರುತ್ತಿದ್ದ ಅಮೆರಿಕದ ನೆರವು ಕುಸಿಯಿತು. ದೇಶದ ಬಡತನ ರಾತ್ರೋರಾತ್ರಿ ಕಮ್ಮಿ ಆಗಿರಲಿಲ್ಲ, ಅಲ್ವಾ?

ಇದು ಒಂದು ಸಲದ ಸಿಟ್ಟು ಅಂತ ತಳ್ಳಿಹಾಕುವಂತಿಲ್ಲ. ಇಲಿಯಾನಾ ಕುಜೀಮ್ಕೊ ಮತ್ತು ಎರಿಕ್ ವರ್ಕರ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ದಶಕಗಳ ಅಂಕಿಅಂಶ ಜೋಡಿಸಿ ನೋಡಿದರು. ಬಡ ದೇಶವೊಂದು ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯನಾದರೆ ಅಮೆರಿಕದಿಂದ ಬರುವ ನೆರವು ಸರಾಸರಿ ಶೇ 59ರಷ್ಟು ಏರುತ್ತಿತ್ತು. ಎರಡು ವರ್ಷದ ಅವಧಿ ಮುಗಿದರೆ ಮತ್ತೆ ಇಳಿಯುತ್ತಿತ್ತು.

ಮತಕ್ಕಿಂತ ಮಾನ್ಯತೆಯ ವ್ಯಾಪಾರ ಇನ್ನೂ ನೇರ. ತೈವಾನನ್ನು ದೇಶ ಅಂತ ಒಪ್ಪಿದವರ ಜೊತೆ ಚೀನಾ ರಾಜತಾಂತ್ರಿಕ ನಂಟು ಇಡುವುದಿಲ್ಲ. ನೌರು ಎಂಬ ಪುಟ್ಟ ದ್ವೀಪ ದೇಶ ತೈವಾನಿಗೆ ಮಾನ್ಯತೆ ಕೊಟ್ಟಿತ್ತು. 2002ರಲ್ಲಿ ಚೀನಾದ ಕಡೆ ಹೋಯಿತು, 2005ರಲ್ಲಿ ತೈವಾನಿನ ಕಡೆ ಬಂತು, 2024ರಲ್ಲಿ ಮತ್ತೆ ಚೀನಾದ ಕಡೆ. ಪ್ರತಿ ಸಲವೂ ನೆರವಿನ ಮಾತು ಜೊತೆಗೇ ಇತ್ತು. ನೌರುವನ್ನು ಬೈಯುವುದು ಸುಲಭ. ಮಾರುವುದಕ್ಕೆ ಬೇರೇನೂ ಉಳಿದಿರದ ದೇಶ ಅದು, ಇದ್ದ ಫಾಸ್ಫೇಟ್ ಎಲ್ಲ ಹೆಚ್ಚು ಕಡಿಮೆ ಅಗೆದು ಮುಗಿದಿತ್ತು.

ಇವಲ್ಲದೆ ಹಳೇ ವಸಾಹತು ನಂಟು ಇದೆ. ಫ್ರಾನ್ಸಿನ ನೆರವು ಪಶ್ಚಿಮ ಆಫ್ರಿಕಾದತ್ತ ವಾಲುವುದು ಅದಕ್ಕೇ. ಜಪಾನಿನ ನೆರವು ಯುದ್ಧ ಪರಿಹಾರದ ಜೊತೆಜೊತೆಗೇ ಬೆಳೆದದ್ದು. ರೋಗ ಗಡಿ ದಾಟಿ ಬಂದೀತು, ವಲಸೆ ಹೆಚ್ಚೀತು ಅನ್ನುವ ಭಯವೂ ಇದೆ. ಈ ಕೊನೆಯ ಬಗೆಯ ಸ್ವಾರ್ಥದ ಬಗ್ಗೆ ನನಗೆ ಅಷ್ಟೇನೂ ತಕರಾರಿಲ್ಲ. ಯಾಕೆ ಅಂತ ಸಿಡುಬಿನ ಕಥೆಯಲ್ಲಿ ಗೊತ್ತಾಗುತ್ತದೆ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೋತಾರೆ ಅಂತಾರಲ್ಲ, ಹೇಗೆ?

ಅದಕ್ಕೆ ಕಟ್ಟುಪಾಡಿನ ನೆರವು ಅನ್ನಬಹುದು. ದುಡ್ಡು ನಮ್ಮದು, ಸಾಮಾನೂ ನಮ್ಮ ಕಂಪನಿಯಿಂದಲೇ ಕೊಳ್ಳಬೇಕು ಅನ್ನುವ ಷರತ್ತು. ಪೈಪೋಟಿ ಇಲ್ಲದ ಕಡೆ ಬೆಲೆ ಏರುವುದು ಸಹಜ. ಹೀಗೆ ಕಟ್ಟುಪಾಡು ಹಾಕಿದರೆ ಖರ್ಚು ಶೇ 15ರಿಂದ 30ರಷ್ಟು ಜಾಸ್ತಿ ಬೀಳುತ್ತದೆ ಅಂತ ಒಇಸಿಡಿಯೇ ಹೇಳುತ್ತದೆ. ಅಮೆರಿಕದ ಆಹಾರ ನೆರವಿನಲ್ಲಿ ಇನ್ನೂ ಒಂದು ಗಂಟಿದೆ. ಅರ್ಧದಷ್ಟು ಧಾನ್ಯ ಅಮೆರಿಕದ ಬಾವುಟದ ಹಡಗಿನಲ್ಲೇ ಹೋಗಬೇಕು. ಆ ಹಡಗುಗಳ ಬಾಡಿಗೆ ಬೇರೆಯವಕ್ಕಿಂತ ದುಬಾರಿ.

ಅತಿಗೆ ಹೋದ ಪ್ರಕರಣ ಅಂದರೆ ಮಲೇಷ್ಯಾದ ಪೆರ್ಗಾವು ಅಣೆಕಟ್ಟು. ಬ್ರಿಟನ್ ಇದಕ್ಕೆ 23.4 ಕೋಟಿ ಪೌಂಡ್ ನೆರವು ಒಪ್ಪಿಕೊಂಡಿತು. ಇದಕ್ಕಿಂತ ಅಗ್ಗವಾಗಿ ವಿದ್ಯುತ್ ತಯಾರಿಸಬಹುದು, ಇದು ದಂಡ ಅಂತ ನೆರವು ಇಲಾಖೆಯ ಹಿರಿಯ ಅಧಿಕಾರಿಯೇ ಆಕ್ಷೇಪ ಎತ್ತಿದ್ದರು. ಆದರೂ ದುಡ್ಡು ಹೋಯಿತು. ಹಿಂದೆ ಶಸ್ತ್ರಾಸ್ತ್ರ ಮಾರಾಟದ ಒಪ್ಪಂದದ ನೆರಳಿತ್ತು. 1994ರಲ್ಲಿ ಲಂಡನ್ನಿನ ಹೈಕೋರ್ಟ್ ಈ ನೆರವು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು.

ಈಗಿನ ಚಾಲಾಕಿತನ ಬೇರೆ ಥರದ್ದು. ನಿರಾಶ್ರಿತರನ್ನು ತಮ್ಮ ದೇಶದಲ್ಲೇ ಮೊದಲ 12 ತಿಂಗಳು ನೋಡಿಕೊಳ್ಳುವ ಖರ್ಚನ್ನೂ ನೆರವಿನ ಲೆಕ್ಕಕ್ಕೆ ಬರೆಯಬಹುದು. 2022ರಲ್ಲಿ ಬ್ರಿಟನ್ನಿನ ನೆರವಿನ ಸುಮಾರು ಶೇ 29 ಹೀಗೆ ಬ್ರಿಟನ್ನಿನಲ್ಲೇ ಖರ್ಚಾಯಿತು. ನಿರಾಶ್ರಿತರಿಗೆ ಸೂರು ಕೊಡುವುದು ತಪ್ಪಲ್ಲ. ಅದನ್ನು ವಿದೇಶಿ ನೆರವು ಅಂತ ಕರೆಯುವುದು ಮಾತ್ರ ಯಾಕೋ ಸರಿ ಕಾಣುವುದಿಲ್ಲ.

ತಾವೇ ನೆರವು ತಗೊಳ್ಳೋ ದೇಶಗಳು ಬೇರೆಯವರಿಗೆ ಕೊಡೋದು ಯಾಕೆ?

ಕೊಡುವುದರಿಂದ ಗೌರವ ಬರುತ್ತದೆ, ಗೆಳೆಯರು ಸಿಗುತ್ತಾರೆ. ಭಾರತ 1964ರಲ್ಲೇ ಹೊರದೇಶದವರಿಗೆ ತಾಂತ್ರಿಕ ತರಬೇತಿ ಕೊಡುವ ಕಾರ್ಯಕ್ರಮ ಶುರು ಮಾಡಿತು, ಆಗ ಅದು ಗೋಧಿ ನೆರವು ಪಡೆಯುತ್ತಿದ್ದ ದೇಶ. ಚೀನಾ ಇನ್ನೂ ಬಡತನದಲ್ಲಿದ್ದ 1970ರ ದಶಕದಲ್ಲಿ ಟಾಂಜಾನಿಯಾದಿಂದ ಜಾಂಬಿಯಾಗೆ 1,860 ಕಿಲೋಮೀಟರ್ ರೈಲು ಹಳಿ ಹಾಕಿಕೊಟ್ಟಿತು, ಬಡ್ಡಿಯಿಲ್ಲದ ಸಾಲದಲ್ಲಿ. ಇಂದಿನ ಚೀನಾದ ದುಡ್ಡಿನಲ್ಲಿ ಹೆಚ್ಚಿನದು ಸಾಲ, ಬಡ್ಡಿಯೂ ಮಾರುಕಟ್ಟೆ ದರದ ಹತ್ತಿರ. ಹಾಗಾಗಿ ಅದನ್ನು ಒಡಿಎ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

## ಪರಿಣಾಮದ ಪ್ರಶ್ನೆಗಳು

ಇಷ್ಟು ವರ್ಷ ಕೊಟ್ಟಿದ್ದಕ್ಕೆ ಒಂದಾದರೂ ಕೆಲಸ ನೆಟ್ಟಗಾಗಿದೆಯಾ?

ಆಗಿದೆ. ಮೊದಲು ಸಿಡುಬು. 20ನೇ ಶತಮಾನದಲ್ಲಿ ಅದು ಸುಮಾರು 30 ಕೋಟಿ ಜನರನ್ನು ಕೊಂದಿತು. 1958ರಲ್ಲಿ ಅದನ್ನು ಬೇರುಸಮೇತ ಕೀಳೋಣ ಅಂತ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಸೂಚಿಸಿದ್ದು ಸೋವಿಯತ್ ಒಕ್ಕೂಟ. ಲಸಿಕೆಯನ್ನು ಕೋಟಿಗಟ್ಟಲೆ ಕೊಟ್ಟಿದ್ದೂ ಅದೇ. ಅಮೆರಿಕ ದುಡ್ಡು, ತಜ್ಞರನ್ನು ಕೊಟ್ಟಿತು. ಶೀತಲ ಸಮರದ ನಡುವೆ ಇಬ್ಬರು ಬದ್ಧ ವೈರಿಗಳು ಒಂದೇ ಸೂಜಿ ಹಿಡಿದ ಅಪರೂಪದ ಸಂಗತಿ. 1967ರಿಂದ ನಡೆದ ತೀವ್ರ ಅಭಿಯಾನಕ್ಕೆ ಆದ ಖರ್ಚು ಸುಮಾರು 30 ಕೋಟಿ ಡಾಲರ್. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ತಗುಲಿದ ಕೊನೆಯ ಪ್ರಕರಣ ಸಿಕ್ಕಿತು. 1980ರಲ್ಲಿ ರೋಗ ತೊಲಗಿತು ಅಂತ ಘೋಷಣೆ ಆಯಿತು. ಆಮೇಲೆ ಶ್ರೀಮಂತ ದೇಶಗಳೂ ತಮ್ಮ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವುದನ್ನು ಬಿಟ್ಟವು. ಅದರಲ್ಲಿ ಉಳಿದ ದುಡ್ಡೇ ಅವರು ಕೊಟ್ಟ ನೆರವನ್ನು ಎಷ್ಟೋ ಪಟ್ಟು ಮೀರಿಸಿತು. ಇಂಥ ಸ್ವಾರ್ಥ ಇನ್ನಷ್ಟು ಇರಲಿ.

ಎರಡನೆಯದು ಜಾಸ್ತಿ ಜನರಿಗೆ ಗೊತ್ತಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಹೊಳೆ ದಡದ ಕಪ್ಪು ನೊಣ ಕಚ್ಚಿದರೆ ಒಂದು ಹುಳು ಮೈಯೊಳಗೆ ಸೇರುತ್ತದೆ. ವರ್ಷಗಳು ಕಳೆದ ಹಾಗೆ ಕಣ್ಣು ಹೋಗುತ್ತದೆ. ಅದಕ್ಕೆ ಹೊಳೆಗುರುಡು ಅನ್ನೋಣ. ಕುರುಡರಾದ ದೊಡ್ಡವರು ಕೋಲಿನ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿದ ಮಗುವಿನ ಹಿಂದೆ ನಡೆಯುವುದು ಅಲ್ಲಿ ದಿನನಿತ್ಯದ ನೋಟವಾಗಿತ್ತು. ಜನ ಫಲವತ್ತಾದ ಹೊಳೆ ದಡ ಬಿಟ್ಟು ಬರಡು ನೆಲಕ್ಕೆ ಹೋಗಿಬಿಟ್ಟಿದ್ದರು. 1974ರಲ್ಲಿ ಒಂದು ಜಂಟಿ ಕಾರ್ಯಕ್ರಮ ಶುರುವಾಯಿತು. ಹೆಲಿಕಾಪ್ಟರುಗಳು ವಾರವಾರ ಹೊಳೆಗಳ ಮೇಲೆ ಹಾರಿ ನೊಣದ ಮರಿಗಳನ್ನು ಕೊಲ್ಲುವ ಔಷಧಿ ಚೆಲ್ಲಿದವು. 1987ರಿಂದ ಮರ್ಕ್ ಕಂಪನಿ ಐವರ್‌ಮೆಕ್ಟಿನ್ ಮಾತ್ರೆಯನ್ನು ಪುಕ್ಕಟೆ ಕೊಟ್ಟಿತು. 2002ರಲ್ಲಿ ಕಾರ್ಯಕ್ರಮ ಮುಗಿದಾಗ 11 ದೇಶಗಳಲ್ಲಿ ಸುಮಾರು 6 ಲಕ್ಷ ಜನರ ಕಣ್ಣು ಉಳಿದಿತ್ತು. 2.5 ಕೋಟಿ ಹೆಕ್ಟೇರ್ ನೆಲ ಮತ್ತೆ ಉಳುಮೆಗೆ ಸಿಕ್ಕಿತ್ತು.

ಏಡ್ಸ್‌ಗಾಗಿ ಅಮೆರಿಕ 2003ರಲ್ಲಿ ಶುರು ಮಾಡಿದ ಪೆಪ್ಫಾರ್ 2.5 ಕೋಟಿ ಜೀವ ಉಳಿಸಿದೆ ಅಂತ ಅಲ್ಲಿನ ಸರ್ಕಾರದ ಅಂದಾಜು. ಆಫ್ರಿಕಾದಲ್ಲಿ 2000ದಿಂದ 2015ರ ನಡುವೆ ತಪ್ಪಿದ ಮಲೇರಿಯಾ ಪ್ರಕರಣ ಸುಮಾರು 66 ಕೋಟಿ, ಅದರಲ್ಲಿ ಮೂರನೇ ಎರಡು ಭಾಗ ಔಷಧಿ ಲೇಪಿಸಿದ ಸೊಳ್ಳೆ ಪರದೆಯ ಪುಣ್ಯ.

ಹಾಗಾದ್ರೆ ನೆರವಿನಿಂದ ಶ್ರೀಮಂತ ಆದ ದೇಶ ಯಾವುದು?

ಎಲ್ಲರೂ ದಕ್ಷಿಣ ಕೊರಿಯಾದ ಹೆಸರು ಹೇಳುತ್ತಾರೆ. 1950ರ ದಶಕದಲ್ಲಿ ಅದರ ಆಮದಿನ ಬಹುಪಾಲು ಅಮೆರಿಕದ ದುಡ್ಡಿನಲ್ಲೇ ನಡೆಯುತ್ತಿತ್ತು. 2010ರಲ್ಲಿ ಅದೇ ದೇಶ ನೆರವು ಕೊಡುವವರ ಸಮಿತಿ ಸೇರಿತು. ಕಥೆ ಚೆನ್ನಾಗಿದೆ. ಆದರೆ ನೆರವು ಧಾರಾಳವಾಗಿದ್ದ 50ರ ದಶಕದಲ್ಲಿ ಕೊರಿಯಾ ತೆವಳುತ್ತಿತ್ತು. ಓಡಲು ಶುರು ಮಾಡಿದ್ದು 60ರ ದಶಕದಲ್ಲಿ, ನೆರವು ಇಳಿಯುತ್ತಿದ್ದಾಗ. ಭೂ ಸುಧಾರಣೆ, ಶಾಲೆ, ರಫ್ತಿನ ಹಠ ಇವೆಲ್ಲ ಅವರದೇ. ನೆರವು ಆ ಮನೆ ಬೀಳದಂತೆ ಊರುಗೋಲು ಕೊಟ್ಟಿತು, ಮನೆ ಕಟ್ಟಿದ್ದು ಅವರು.

ನೆರವು ಕೊಟ್ಟರೆ ಒಟ್ಟಾರೆ ಆರ್ಥಿಕತೆ ಬೆಳೆಯುತ್ತದಾ ಅನ್ನುವುದರ ಬಗ್ಗೆ ಅರ್ಥಶಾಸ್ತ್ರಜ್ಞರು ಇನ್ನೂ ಜಗಳ ಆಡುತ್ತಿದ್ದಾರೆ. ಒಳ್ಳೆ ನೀತಿ ಇರುವ ದೇಶಗಳಲ್ಲಿ ಮಾತ್ರ ನೆರವು ಫಲ ಕೊಡುತ್ತದೆ ಅಂತ 2000ದಲ್ಲಿ ಬಂದ ಒಂದು ಅಧ್ಯಯನ ಭಾರಿ ಹೆಸರು ಮಾಡಿತು. ನಾಲ್ಕು ವರ್ಷದಲ್ಲಿ ಇನ್ನೊಂದು ತಂಡ ಅಂಕಿಅಂಶಕ್ಕೆ ಇನ್ನಷ್ಟು ವರ್ಷಗಳನ್ನು ಸೇರಿಸಿ ನೋಡಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಕಷ್ಟ ಏನೆಂದರೆ, ನೆರವು ಹೋಗುವುದೇ ಕಷ್ಟದಲ್ಲಿರುವ ದೇಶಕ್ಕೆ. ಆಸ್ಪತ್ರೆಯಲ್ಲಿ ಜಾಸ್ತಿ ಜನ ಸಾಯುತ್ತಾರೆ ಅಂತ ಆಸ್ಪತ್ರೆಯೇ ಕೊಲ್ಲುತ್ತದೆ ಅನ್ನಲಾಗುತ್ತದಾ? ಇನ್ನೊಂದು, ಎಷ್ಟೋ ದೇಶಗಳಿಗೆ ಬರುವ ನೆರವು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅಷ್ಟರಿಂದ ದೇಶದ ಹಣೆಬರಹ ಬದಲಾಗಲಿ ಅಂತ ಕಾಯುವುದೇ ತಪ್ಪು.

ಅಷ್ಟು ಓದಿದವರು ಕೂತು ಮಾಡಿದ ಯೋಜನೆ ಯಾಕೆ ಇಷ್ಟು ಎಡವಟ್ಟಾಗುತ್ತೆ?

ಕೀನ್ಯಾದ ವಾಯವ್ಯದಲ್ಲಿ ಟುರ್ಕಾನಾ ಎಂಬ ದೊಡ್ಡ ಸರೋವರ ಇದೆ. ಸುತ್ತ ಇರುವ ಟುರ್ಕಾನಾ ಜನ ದನ, ಮೇಕೆ, ಒಂಟೆ ಸಾಕುವವರು. ಬರ ಬಂದರೆ ದನ ಸಾಯುತ್ತವೆ, ಸರೋವರದಲ್ಲಿ ಮೀನು ತುಂಬಿದೆ, ಇವರನ್ನು ಮೀನುಗಾರರನ್ನಾಗಿ ಮಾಡೋಣ ಅಂತ 1970ರ ದಶಕದಲ್ಲಿ ನಾರ್ವೆ ಅಂದುಕೊಂಡಿತು. ಕೇಳಲು ಸರಿಯಾಗೇ ಇದೆ. ದೋಣಿ ಬಂತು, ತರಬೇತಿ ಬಂತು, ದಡದ ಕಲೊಕೋಲ್‌ನಲ್ಲಿ ಮೀನು ಹೆಪ್ಪುಗಟ್ಟಿಸುವ ದೊಡ್ಡ ಕಾರ್ಖಾನೆ ಎದ್ದಿತು. ಆ ಸುಡುಬಿಸಿಲಿನಲ್ಲಿ ಮೀನನ್ನು ತಣ್ಣಗೆ ಇಡಲು ಬೇಕಾದ ವಿದ್ಯುತ್ತಿನ ಖರ್ಚು ಮೀನಿನ ಬೆಲೆಯನ್ನೂ ಮೀರಿಸುವಂತಿತ್ತು. ಶುದ್ಧ ನೀರೂ ಸಾಲದು. ಕೆಲವೇ ದಿನ ಓಡಿ ಯಂತ್ರ ನಿಂತಿತು. ಆಮೇಲೆ ಬರ ಬಂದು, ಮೀನು ಹಿಡಿಯುತ್ತಿದ್ದ ಕೊಲ್ಲಿಯ ನೀರೇ ಇಂಗಿತು. ದನ ಮಾರಿ ದಡಕ್ಕೆ ಬಂದಿದ್ದವರಿಗೆ ಅತ್ತ ದನವೂ ಇಲ್ಲ, ಇತ್ತ ಮೀನೂ ಇಲ್ಲ.

ಇನ್ನೊಂದು, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪ್ಲೇಪಂಪ್. ಮಕ್ಕಳು ತಿರುಗುಬಂಡಿಯಲ್ಲಿ ಆಡುತ್ತಾರೆ, ಬಂಡಿ ತಿರುಗಿದಂತೆ ನೆಲದ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಚಿತ್ರ ನೋಡಿದವರೆಲ್ಲ ಮನಸೋತರು. 2006ರಲ್ಲಿ ಅಮೆರಿಕ ಸರ್ಕಾರ ಮತ್ತು ದಾನಿಗಳು ಸೇರಿ 1.64 ಕೋಟಿ ಡಾಲರ್ ಘೋಷಿಸಿದರು. ಆಮೇಲೆ ಒಂದು ಬ್ರಿಟಿಷ್ ಪತ್ರಿಕೆ ಕೂತು ಲೆಕ್ಕ ಹಾಕಿತು. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು! ಮಕ್ಕಳಿಲ್ಲದ ಹೊತ್ತಿನಲ್ಲಿ ಹೆಂಗಸರು ಬಗ್ಗಿ ಆ ಬಂಡಿ ತಳ್ಳಬೇಕಿತ್ತು. ಕೆಲವು ಕಡೆ ಚೆನ್ನಾಗಿದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ನೀರು ಹೊರುವ ಒಬ್ಬ ಹೆಂಗಸನ್ನು ಮೊದಲೇ ಕೇಳಿದ್ದರೆ ಎರಡು ಮಾತಿನಲ್ಲಿ ಹೇಳಿಬಿಡುತ್ತಿದ್ದಳು.

ನನ್ನ ಮಟ್ಟಿಗೆ ನೆರವಿನ ಕಾಯಿಲೆ ಇರುವುದು ಇಲ್ಲೇ. ದುಡ್ಡು ಕೊಡುವವನು ಒಬ್ಬ, ಅದನ್ನು ಬಳಸುವವನು ಇನ್ನೊಬ್ಬ. ಅಂಗಡಿಯಲ್ಲಿ ಸಾಮಾನು ಕೆಟ್ಟಿದ್ದರೆ ನಾವು ಮತ್ತೆ ಹೋಗುವುದಿಲ್ಲ, ಸರ್ಕಾರ ಕೆಟ್ಟಿದ್ದರೆ ಮತ ಹಾಕುವುದಿಲ್ಲ. ಟುರ್ಕಾನಾದ ಹಳ್ಳಿಯವನಿಗೆ ನಾರ್ವೆಯಲ್ಲಿ ಮತ ಇಲ್ಲ. ಮತ ಇರುವ ನಾರ್ವೆಯವನು ಆ ಸರೋವರ ನೋಡಿಲ್ಲ. ಹೀಗಾಗಿ ಚಿತ್ರದಲ್ಲಿ ಚೆಂದ ಕಾಣುವ ಯೋಜನೆ ಗೆಲ್ಲುತ್ತದೆ. ಅಧಿಕಾರಿಗಳು ದಡ್ಡರಲ್ಲ. ಅವರ ತಪ್ಪು ಅವರ ಬಾಗಿಲಿಗೆ ಬಂದು ಕೂಗುವುದಿಲ್ಲ, ಅಷ್ಟೇ.

ಎಲ್ಲ ಮಂತ್ರಿಗಳ ಜೇಬಿಗೇ ಹೋಗುತ್ತಲ್ವಾ?

ಎಲ್ಲ ಅಲ್ಲ. ನೆರವಿನ ಮೇಲೆ ಬಹಳ ಅವಲಂಬಿಸಿದ 22 ದೇಶಗಳನ್ನು 2020ರ ಒಂದು ಅಧ್ಯಯನ ನೋಡಿತು. ವಿಶ್ವಬ್ಯಾಂಕಿನ ದುಡ್ಡು ಬಂದ ತ್ರೈಮಾಸಿಕದಲ್ಲೇ ಆ ದೇಶಗಳಿಂದ ಸ್ವಿಟ್ಜರ್ಲೆಂಡಿನಂಥ ಗುಟ್ಟಿನ ಬ್ಯಾಂಕುಗಳಿಗೆ ಠೇವಣಿ ಏರುತ್ತಿತ್ತು. ಸೋರಿಕೆ ಸರಾಸರಿ ಶೇ 7.5. ಕಮ್ಮಿ ಏನಲ್ಲ, ಆದರೆ ಜನ ಅಂದುಕೊಂಡಷ್ಟೂ ಇಲ್ಲ.

ಜೈರ್ ದೇಶದ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಸರ್ವಾಧಿಕಾರಿ ಮೊಬುಟು ಥರದವರ ಕಥೆ ಬೇರೆ. ಅವರು ದೋಚುತ್ತಿದ್ದುದು ದಾನಿಗಳಿಗೆ ಚೆನ್ನಾಗಿ ಗೊತ್ತಿತ್ತು. ಶೀತಲ ಸಮರದಲ್ಲಿ ನಮ್ಮ ಕಡೆಯವನು ಅಂತ ಸುಮ್ಮನಿದ್ದರು. ಸಮರ ಮುಗಿಯಿತು, ನೆರವೂ ನಿಂತಿತು. ಅಲ್ಲಿ ಸೋರಿದ್ದು ದುಡ್ಡಲ್ಲ, ಅದು ನಿಷ್ಠೆಗೆ ಕೊಟ್ಟ ಸಂಬಳ.

ಪುಕ್ಕಟೆ ಧಾನ್ಯ ಕಳಿಸಿದ್ರೆ ಅಲ್ಲಿನ ರೈತರ ಗತಿ ಏನು?

ಬರಗಾಲದಲ್ಲಿ, ಮಾರುಕಟ್ಟೆಯಲ್ಲಿ ಧಾನ್ಯವೇ ಇಲ್ಲದಾಗ ಕಳಿಸಿದರೆ ಜೀವ ಉಳಿಯುತ್ತದೆ. ಸುಗ್ಗಿ ಹೊತ್ತಿಗೆ ಹಡಗು ಬಂದರೆ ಬೆಲೆ ಬೀಳುತ್ತದೆ. ಅಮೆರಿಕ 1954ರಲ್ಲಿ ಪಿಎಲ್ 480 ಕಾನೂನು ಮಾಡಿದ್ದಕ್ಕೆ ಹಸಿವಿನಷ್ಟೇ ದೊಡ್ಡ ಕಾರಣ ತನ್ನ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಹೆಚ್ಚುವರಿ ಗೋಧಿ. ಭಾರತ ಅದರ ಅತಿ ದೊಡ್ಡ ಗಿರಾಕಿ. 1965-66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಒಮ್ಮೆಗೇ ಬಿಡದೆ ತಿಂಗಳು ತಿಂಗಳು ಲೆಕ್ಕ ಹಾಕಿ ಬಿಟ್ಟರು. ಕೃಷಿ ನೀತಿ ಬದಲಿಸಿ ಅನ್ನುವ ಒತ್ತಡವೂ ಇತ್ತು, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತಿನ ಸಿಟ್ಟೂ ಇತ್ತು. ಹಡಗಿನಿಂದ ನೇರ ಬಾಯಿಗೆ ಅನ್ನುವ ಆ ಬದುಕಿನ ಅವಮಾನ ಹಸಿರು ಕ್ರಾಂತಿಗೆ ಒಂದು ಬಲವಾದ ತಳ್ಳು ಕೊಟ್ಟಿತು.

ಹೈಟಿಯಲ್ಲಿ ಹಾಗಾಗಲಿಲ್ಲ. 1990ರ ದಶಕದಲ್ಲಿ ಒತ್ತಡಕ್ಕೆ ಮಣಿದು ಅಕ್ಕಿಯ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಿದರು. ಅಮೆರಿಕದ ಸಬ್ಸಿಡಿ ಅಕ್ಕಿ ನುಗ್ಗಿತು, ಅಲ್ಲಿನ ಭತ್ತದ ರೈತರು ನೆಲ ಕಚ್ಚಿದರು. 2010ರಲ್ಲಿ ಬಿಲ್ ಕ್ಲಿಂಟನ್ ಅದು ತಪ್ಪಾಯಿತು, ತಮ್ಮ ರಾಜ್ಯದ ಕೆಲವು ರೈತರಿಗೆ ಮಾತ್ರ ಒಳ್ಳೆಯದಾಯಿತು ಅಂತ ಸಂಸತ್ ಸಮಿತಿಯ ಮುಂದೆ ಒಪ್ಪಿಕೊಂಡರು.

ಭೂಕಂಪ, ಪ್ರವಾಹ ಆದಾಗ ಹಳೇ ಬಟ್ಟೆ ಕಳಿಸಬಹುದಾ?

ಬೇಡ. ದುಡ್ಡು ಕಳಿಸಿ. ಕೇಳದೆ ಬಂದ ಸಾಮಾನು ಬಂದರು, ವಿಮಾನ ನಿಲ್ದಾಣ ತುಂಬಿ ಔಷಧಿಗೆ ಜಾಗ ಇಲ್ಲದಂತೆ ಮಾಡುತ್ತದೆ. ಅದನ್ನು ಬೇರ್ಪಡಿಸಲು ಜನ ಬೇಕು. 2004ರ ಸುನಾಮಿ ಆದ ಮೇಲೆ ಸೆಕೆಯ ನಾಡಿನ ಕಡಲ ತೀರಗಳಲ್ಲಿ ಚಳಿಗಾಲದ ಬಟ್ಟೆ ರಾಶಿ ಬಿದ್ದಿತ್ತು.

## ಸ್ವಲ್ಪ ಆಳದ ಪ್ರಶ್ನೆಗಳು

ಮಧ್ಯದವರನ್ನೆಲ್ಲ ಬಿಟ್ಟು ಬಡವರ ಕೈಗೇ ದುಡ್ಡು ಕೊಟ್ಟರೆ? ಕುಡಿದು ಹಾಳು ಮಾಡಲ್ವಾ?

ಕುಡಿತದ ಭಯ ಹೆಚ್ಚಾಗಿ ಕೊಡುವವರ ತಲೆಯಲ್ಲೇ ಇದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಜೋಡಿಸಿ ನೋಡಿದಾಗ, ಕೈಗೆ ದುಡ್ಡು ಸಿಕ್ಕವರು ಹೆಂಡ, ತಂಬಾಕಿಗೆ ಜಾಸ್ತಿ ಸುರಿದದ್ದು ಕಾಣಲಿಲ್ಲ. ಕೀನ್ಯಾದ ಸಿಯಾಯಾ ಪ್ರದೇಶದ 653 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ 10,000ಕ್ಕೂ ಹೆಚ್ಚು ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಮೊಬೈಲ್ ಮೂಲಕ ಕೊಟ್ಟರು. ತಗಡಿನ ಸೂರು ಬಂತು, ಊಟ ಸುಧಾರಿಸಿತು. ದುಡ್ಡು ಸಿಗದ ಅಕ್ಕಪಕ್ಕದವರ ವ್ಯಾಪಾರವೂ ಚಿಗುರಿತು. ಕೊಟ್ಟ ಪ್ರತಿ ಡಾಲರಿಗೆ ಆ ಸೀಮೆಯ ಆರ್ಥಿಕತೆ ಸುಮಾರು ಎರಡೂವರೆ ಡಾಲರಿನಷ್ಟು ಹಿಗ್ಗಿತು. ಬೆಲೆ ಏರಿಕೆ ಲೆಕ್ಕಕ್ಕೆ ಬಾರದಷ್ಟು.

ಆದರೆ ದುಡ್ಡಿನಿಂದ ಲಸಿಕೆಯ ಸರಪಳಿ ಕಟ್ಟಲಾಗುವುದಿಲ್ಲ. ಒಬ್ಬ ತಾಯಿ ಎಷ್ಟು ದುಡ್ಡು ಹಿಡಿದು ನಿಂತರೂ ಊರಿಗೆ ನರ್ಸ್ ಬರದಿದ್ದರೆ ಏನೂ ಆಗದು. ಕೆಲವನ್ನು ಕೈಗೆ ಕೊಡಬೇಕು, ಕೆಲವನ್ನು ಎಲ್ಲರ ಪರವಾಗಿ ಕಟ್ಟಬೇಕು.

ಪೂರ್ತಿ ಪುಕ್ಕಟೆ ಕೊಟ್ರೆ ಜನ ಬೆಲೆ ಕೊಡಲ್ಲ ಅಂತಾರೆ, ಸ್ವಲ್ಪವಾದ್ರೂ ದುಡ್ಡು ತಗೋಬೇಕಾ?

ಕೇಳಲು ನಿಜ ಅನಿಸುವ ಮಾತು. ಪರೀಕ್ಷೆ ಮಾಡಿದಾಗ ನಿಲ್ಲಲಿಲ್ಲ. ಕೀನ್ಯಾದಲ್ಲಿ ಗರ್ಭಿಣಿಯರಿಗೆ ಸೊಳ್ಳೆ ಪರದೆಯನ್ನು ಕೆಲವು ಕಡೆ ಪುಕ್ಕಟೆ, ಕೆಲವು ಕಡೆ 60 ಸೆಂಟ್‌ವರೆಗೆ ಬೆಲೆ ಇಟ್ಟು ಕೊಟ್ಟರು. 60 ಸೆಂಟ್ ಇಟ್ಟಲ್ಲಿ ತೆಗೆದುಕೊಳ್ಳುವವರ ಪ್ರಮಾಣ ನೂರಕ್ಕೆ 60ರಷ್ಟು ಇಳಿಯಿತು. ಪುಕ್ಕಟೆ ಪಡೆದವರು ಅದನ್ನು ಮೂಲೆಗೆ ಎಸೆಯಲಿಲ್ಲ, ದುಡ್ಡು ಕೊಟ್ಟವರಷ್ಟೇ ಬಳಸಿದರು. ಹೀಗೆ ಎರಡು ಗುಂಪು ಮಾಡಿ ಹೋಲಿಸಿ ನೋಡುವ ಪದ್ಧತಿಗೇ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕಲ್ ಕ್ರೀಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂತು. ಪರದೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಕೇಂದ್ರ ಬ್ಯಾಂಕನ್ನೋ ನ್ಯಾಯಾಲಯವನ್ನೋ ಎರಡು ಗುಂಪು ಮಾಡಿ ಪರೀಕ್ಷಿಸಲಾಗದು.

ಷರತ್ತು ಹಾಕಿ ಕೊಟ್ಟರೆ ಸರ್ಕಾರಗಳು ಸುಧಾರಿಸಲ್ವಾ?

1980ರ ದಶಕದಲ್ಲಿ ವಿಶ್ವಬ್ಯಾಂಕ್, ಐಎಂಎಫ್ ಇದನ್ನೇ ಮಾಡಿದವು. ಸಬ್ಸಿಡಿ ಕಡಿಮೆ ಮಾಡಿ, ಸರ್ಕಾರಿ ಕಂಪನಿ ಮಾರಿ, ಆಮೇಲೆ ಸಾಲ. ಅರ್ಥಶಾಸ್ತ್ರಜ್ಞ ಪಾಲ್ ಕಾಲಿಯರ್ ಹೇಳುವ ಕಥೆಯಲ್ಲಿ ಕೀನ್ಯಾ ಸರ್ಕಾರ ಅದೇ ಒಂದು ಸುಧಾರಣೆಯನ್ನು 15 ವರ್ಷದಲ್ಲಿ 4 ಸಲ ವಿಶ್ವಬ್ಯಾಂಕಿಗೆ ಮಾರಿತು. ದುಡ್ಡು ಬಂದ ಮೇಲೆ ಹಿಂದೆಗೆಯುವುದು, ಮತ್ತೆ ಮಾತುಕೊಡುವುದು. ಬ್ಯಾಂಕಿಗೂ ಸಾಲ ಕೊಟ್ಟೇ ತೀರಬೇಕಾದ ಒತ್ತಡ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಇದಕ್ಕೇ.

ಶಾಲೆಗೆ ಅಂತಲೇ ಕೊಟ್ಟ ದುಡ್ಡು ಶಾಲೆಗೇ ಹೋಯ್ತು ಅಂತ ಖಾತ್ರಿ ಏನು?

ಶಾಲೆ ಎದ್ದಿರಬಹುದು, ಆದರೂ ಖಾತ್ರಿ ಇಲ್ಲ. ಸರ್ಕಾರ ಹೇಗಿದ್ದರೂ ಆ ಶಾಲೆ ಕಟ್ಟುವುದರಲ್ಲಿತ್ತು ಅಂದುಕೊಳ್ಳಿ. ನೀವು ಕೊಟ್ಟಿರಿ, ಅದರ ದುಡ್ಡು ಉಳಿಯಿತು, ಉಳಿದದ್ದರಲ್ಲಿ ಜೀಪು ಕೊಂಡಿತು. ರಶೀದಿಯಲ್ಲಿ ಶಾಲೆ ಇದೆ, ನಿಜವಾಗಿ ನೀವು ಕೊಡಿಸಿದ್ದು ಜೀಪು. ಹಾಗಾಗಿ ಒಂದು ಕಟ್ಟಡದ ಫೋಟೋಕ್ಕಿಂತ ಇಡೀ ಬಜೆಟ್ ನೋಡುವುದು ಜಾಣತನ. ತೆರಿಗೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಖಜಾನೆ ಹೊರಗಿನಿಂದಲೇ ತುಂಬಿದರೆ ಸರ್ಕಾರ ತನ್ನ ಜನರಿಗಿಂತ ದಾನಿಗಳ ಮುಖ ನೋಡುವುದಕ್ಕೆ ಶುರು ಮಾಡುತ್ತದೆ ಅನ್ನುವುದು ಟೀಕಾಕಾರರ ಗಟ್ಟಿ ವಾದ.

ವಲಸೆ ಹೋದವರು ಮನೆಗೆ ಕಳಿಸೋ ದುಡ್ಡೇ ನೆರವಿಗಿಂತ ಜಾಸ್ತಿ ಅಂತೆ?

ಹೌದು, ಎರಡು ಪಟ್ಟಿಗಿಂತ ಜಾಸ್ತಿ. 2023ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಬಂದ ಇಂಥ ಹಣ ಸುಮಾರು 65,600 ಕೋಟಿ ಡಾಲರ್. ಆದರೆ ವಲಸೆ ಹೋಗಲೂ ಸ್ವಲ್ಪ ದುಡ್ಡು ಬೇಕು. ಕಡುಬಡವರ ಮನೆಗೆ ಹೊರದೇಶದಿಂದ ಮನಿಯಾರ್ಡರ್ ಬರುವುದು ಕಡಿಮೆ.

ನೆರವು ಇದ್ದಕ್ಕಿದ್ದಂತೆ ನಿಂತರೆ ಏನಾಗುತ್ತೆ? ತಮ್ಮ ಕಾಲ ಮೇಲೆ ನಿಂತುಕೊಳ್ಳಲ್ವಾ?

2025ರಲ್ಲಿ ಇದು ಬರೀ ಪ್ರಶ್ನೆಯಾಗಿ ಉಳಿಯಲಿಲ್ಲ. ಜನವರಿ 20ರಂದು ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಮಾರ್ಚ್ ಹೊತ್ತಿಗೆ ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾದ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮ ರದ್ದು. 1961ರಲ್ಲಿ ಕೆನಡಿ ಕಟ್ಟಿದ ಸಂಸ್ಥೆ ಜುಲೈ 1ಕ್ಕೆ ಮುಚ್ಚಿತು. ಇತರ ದೇಶಗಳು ಅದಕ್ಕೂ ಮುಂಚೆಯೇ ಕೈ ಬಿಗಿ ಹಿಡಿದಿದ್ದವು. 2024ರಲ್ಲೇ ಒಟ್ಟು ನೆರವು ಶೇ 7ರಷ್ಟು ಇಳಿದಿತ್ತು.

ದಶಕದಲ್ಲಿ ನಿಧಾನಕ್ಕೆ ಇಳಿಸಿದ್ದರೆ ಕೆಲವು ಸರ್ಕಾರಗಳು ತಮ್ಮ ಬಜೆಟ್ಟಿನಲ್ಲಿ ಜಾಗ ಮಾಡಿಕೊಳ್ಳುತ್ತಿದ್ದವು. ಹಾಗೆ ಮಾಡಿಕೊಂಡ ದೇಶಗಳಿವೆ. ರಾತ್ರೋರಾತ್ರಿ ನಿಲ್ಲಿಸುವುದು ಬೇರೆ. ಏಡ್ಸ್ ಮಾತ್ರೆಯನ್ನು ದಿನಾ ನುಂಗಬೇಕು. ಬಿಟ್ಟರೆ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಾಣು ಮತ್ತೆ ಏರುತ್ತದೆ, ಇನ್ನೊಬ್ಬರಿಗೆ ದಾಟುವಂತಾಗುತ್ತದೆ. ಮಾತ್ರೆ ಉಗ್ರಾಣದಲ್ಲೇ ಇದ್ದರೂ ಅದನ್ನು ಹಳ್ಳಿಗೆ ಒಯ್ಯುವ ಮೋಟಾರು ಸೈಕಲ್ಲಿನ ಸವಾರನ ಸಂಬಳ ನಿಂತಿರುತ್ತದೆ. ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಂದಾಜು, ಕಡಿತ ಹೀಗೇ ಮುಂದುವರಿದರೆ 2030ರ ಒಳಗೆ 1.4 ಕೋಟಿ ಹೆಚ್ಚುವರಿ ಸಾವು ಆಗಬಹುದು ಅನ್ನುತ್ತದೆ. ಅದು ಮಾದರಿಯ ಲೆಕ್ಕ, ಹೆಚ್ಚು ಕಡಿಮೆ ಆಗಬಹುದು.

ನಿಲ್ಲಿಸುವ ಮುಂಚೆ ಆ ಮಾತ್ರೆ ನುಂಗುವವರನ್ನು ಯಾರೂ ಕೇಳಲಿಲ್ಲ. ಕೊಡಲು ಶುರು ಮಾಡಿದಾಗಲೂ ಅವರನ್ನು ಕೇಳಿರಲಿಲ್ಲ.